ಕಾಲಿಲ್ಲದ ಸಿನಿಮಾ

ಮುನಿಆಂಜಿನಪ್ಪ ಕಾರ್ಖಾನೆ ಸೇರಿದ ಮೇಲೆ ಅವನ ಮನೆಯಲ್ಲಿ ಹುಂಜದ ಕೂಗಿಗೆ ಬೆಲೆ ಹೋಯಿತು. ಜಾಲಹಳ್ಳಿಯ ಕಡೆಯಿಂದ ಸೈರನ್ ಕೇಳಿದರೆ ಬೆಳಗು, ಮತ್ತೆ ಕೇಳಿದರೆ ಮಧ್ಯಾಹ್ನ, ಇನ್ನೊಮ್ಮೆ ಕೇಳಿದರೆ ರಾತ್ರಿ. ಶೆಟ್ಟಿಹಳ್ಳಿಯ ಹುಂಜಗಳು ಅಭ್ಯಾಸ ಬಿಡಲಾರದೆ ಕೂಗುತ್ತಿದ್ದವು, ಅಷ್ಟೆ.

ಅರವತ್ತೆರಡನೆಯ ಇಸವಿ. ಸಂಕ್ರಾಂತಿ ಕಳೆದು, ರಾಗಿಯ ಕಣ ಮುಗಿದು, ಮನೆಯ ಹಿಂದೆ ಹುಲ್ಲಿನ ಮೆದೆ ಎತ್ತರಕ್ಕೆ ಎದ್ದಿತ್ತು. ಆ ವಾರ ಕಾರ್ಖಾನೆಯಲ್ಲಿ ಯಾರೋ ದೊಡ್ಡ ಸಾಹೇಬರು ಕೆಲಸಗಾರರನ್ನೆಲ್ಲ ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದ್ದರು. ಭಾಷಣ ಪೂರ್ತಿ ಕೇಳಿದವನು ಮುನಿಆಂಜಿನಪ್ಪ ಒಬ್ಬನೇ ಇರಬೇಕು. ರಾತ್ರಿ ಊಟಕ್ಕೆ ಕೂತವನು ಮುದ್ದೆ ಮುರಿಯುವ ಮೊದಲೇ ಶುರು ಮಾಡಿದ.

"ದಿನಾನ ಮೂರು ಭಾಗ ಮಾಡ್ಬೇಕು. ಎಂಟು ಗಂಟೆ ಡ್ಯೂಟಿ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ಸ್ವಂತ ಏಳಿಗೆ. ಇನ್ಮೇಲೆ ಈ ಮನೇಲಿ ಮಕ್ಕಳಿಗೂ ಅಂಗೇನೆ."

"ಈಗ ಉಣ್ತಾ ಇರೋದು ಯಾವ ಎಂಟರಾಗೆ ಬರ್ತದೆ?" ಅಂದಳು ಅವನ ತಾಯಿ ಮುನಿವೆಂಕಟಮ್ಮ. "ಬೇಗ ಯೋಳು. ಮುದ್ದೆ ಆರ್ತದೆ."

"ಅವ್ವ, ನೀನು ಸುಮ್ಕಿರು. ನಿಂಗೆ ರಿಟೈರ್."

ಮಗ ಲಕ್ಕಣ್ಣನಿಗೆ ಹದಿನೇಳು. ಓದು ಅವನನ್ನು ಬಿಟ್ಟು ಎರಡು ವರ್ಷವಾಗಿತ್ತು, ಅವನಿಗೆ ಬೇಸರವಿರಲಿಲ್ಲ. ಈಗ ತಲೆಯೆತ್ತಿ ಕೇಳಿದ. "ಎಂಟು ಗಂಟೆ ನಿದ್ದೆ ಖಾಯಮ್ಮಾ ಅಪ್ಪ?"

"ಖಾಯಂ."

"ನಡುವೆ ಎಬ್ಬಿಸಂಗಿಲ್ಲ?"

"ಎಬ್ಬಿಸಂಗಿಲ್ಲ."

ಲಕ್ಕಣ್ಣ ತೃಪ್ತಿಯಿಂದ ಸಾರು ಸುರಿದುಕೊಂಡ. ಸೌಟು ಹಿಡಿದು ನಿಂತಿದ್ದ ಗೌರಮ್ಮ ಗಂಡನ ತಟ್ಟೆಗೆ ಬಗ್ಗಿ ಮೆಲ್ಲಗೆ ಕೇಳಿದಳು. "ನಂಗೆ ಯಾವ ಎಂಟು?"

"ನಿಂಗ್ಯಾಕೆ? ನೀನು ಮನೇಲೇ ಇರ್ತೀಯಲ್ಲ."

ಸೌಟು ಒಂದು ಗಳಿಗೆ ಸಾರಿನಲ್ಲೇ ನಿಂತಿತು. ಆಮೇಲೆ ಎಂದಿನಂತೆ ಬಡಿಸಿತು.

ಮುನಿಆಂಜಿನಪ್ಪನಿಗೆ ಇನ್ನೂ ಒಂದು ಮಾತು ಉಳಿದಿತ್ತು. ಮನೆಯ ಹಿಂದಿನ ತುಂಡು ಹೊಲವನ್ನು ಅವನು ಮುಜಫ್ಫರ್ ಸಾಬರಿಗೆ ಸಿನಿಮಾ ಟೆಂಟು ಹಾಕಲು ಬಾಡಿಗೆಗೆ ಕೊಟ್ಟಿದ್ದ. ಸಂಜೆಯಾದರೆ ಟೆಂಟಿನ ಹಾರ್ನಿನಲ್ಲಿ ದೇವರ ಹಾಡು ಏಳುತ್ತಿತ್ತು, ಸುತ್ತಲ ಹಳ್ಳಿಗಳವರು ಲಾಟೀನು ಹಿಡಿದು ಬರುತ್ತಿದ್ದರು.

"ಟೆಂಟಿನ ವಿಷ್ಯ. ಬಾಡಿಗೆ ಬೇರೆ, ಬುದ್ಧಿ ಬೇರೆ. ಸಾಬ್ರು ಪಾಸು ಕೊಡ್ತೀನಿ ಅಂದ್ರು, ಬ್ಯಾಡ ಅಂದಿವ್ನಿ. ಗೋಪಿ, ನಿಂಗೇ ಹೇಳ್ತಿರೋದು. ನೀನು ಸಿನಿಮಾ ನೋಡಿದ್ದು ಗೊತ್ತಾದ್ರೆ ಅವತ್ತಿಗೆ ಸ್ಕೂಲು ಬಂದ್. ಜಕ್ಕೂರು ಪಿಳ್ಳಪ್ಪ ಅವನ ಮಗನಿಗೆ ನಿನ್ನ ಕೇಳಿ ಎರಡು ಸಲ ಹೇಳಿ ಕಳಿಸವ್ನೆ. ಹುಡುಗಿ ಓದ್ತಾವ್ಳೆ ಅಂತ ನಾನೇ ತಡೆದಿರೋದು."

ಮಗಳು ಗೋಪಾಲಮ್ಮನಿಗೆ ಹದಿನೈದು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಅದು ಮುಗಿಸಿದ ಹುಡುಗಿಯರನ್ನು ಕಾರ್ಖಾನೆಗೆ ತೆಗೆದುಕೊಳ್ಳುತ್ತಾರಂತೆ ಎಂಬ ಸುದ್ದಿಯನ್ನು ಅವಳು ಯಾರಿಗೂ ಹೇಳದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಸೈರನ್ ಕೂಗಿದಾಗ ಟಿಫನ್ ಡಬ್ಬಿ ಹಿಡಿದು ತಾನೂ ಹೊರಡುವ ಚಿತ್ರವೊಂದು ಅವಳ ಕಣ್ಣ ಮುಂದೆ ಬರುತ್ತಿತ್ತು.

"ಅಣ್ಣ ನೋಡಿದ್ರೆ?" ಅಂತ ಕೇಳಿದಳು.

"ಅವನದು ಬಂದ್ ಮಾಡೋಕೆ ಏನೈತೆ?"

ಹೊಸ ಕಾನೂನು ಮರುದಿನದಿಂದಲೇ ಜಾರಿಗೆ ಬಂತು. ಲಕ್ಕಣ್ಣನನ್ನು ಎಬ್ಬಿಸಲು ಹೋದರೆ ಕಂಬಳಿಯೊಳಗಿಂದಲೇ "ನನ್ನ ಎಂಟು ಇನ್ನೂ ತುಂಬಿಲ್ಲ" ಎನ್ನುತ್ತಿದ್ದ. ಎಮ್ಮೆಗೆ ಈ ಕಾನೂನು ಗೊತ್ತಿರಲಿಲ್ಲ. ಅದು ಕೆಚ್ಚಲು ತುಂಬಿಸಿಕೊಂಡು ಅರಚುತ್ತಿತ್ತು, ಗೌರಮ್ಮ ಓಡುತ್ತಿದ್ದಳು. ಗೋಪಿ ಸ್ಕೂಲಿನಿಂದ ಬಂದು ನೀರು ಸೇದಿ, ಕೊಟ್ಟಿಗೆ ಗುಡಿಸಿ, ದೀಪ ಹಚ್ಚಿಕೊಂಡು ಪುಸ್ತಕ ತೆರೆಯುತ್ತಿದ್ದಳು. ಫಸ್ಟ್ ಶಿಫ್ಟಿದ್ದ ವಾರ ಅಪ್ಪ ಸಂಜೆಯೆಲ್ಲ ಜಗುಲಿಯಲ್ಲಿ ಕೂತು, "ಈಗ ಯಾವ ಎಂಟು ನಡೀತಾ ಐತೆ?" ಎಂದು ಕೂಗಿ ಕೇಳುತ್ತಿದ್ದ. "ಏಳಿಗೆ!" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಸೆಕೆಂಡ್ ಶಿಫ್ಟಿನ ವಾರ ಅವನು ಮಧ್ಯಾಹ್ನ ಹೋದರೆ ಎಲ್ಲರೂ ಮಲಗಿದ ಮೇಲೆ ಬರುತ್ತಿದ್ದ. ಅಂಥ ಒಂದು ಸಂಜೆ ಗೌರಮ್ಮ ಒಲೆಗೆ ಬೆರಣಿ ತರಲು ಮಗಳನ್ನು ಕರೆದಳು. ಉತ್ತರವಿಲ್ಲ. ನಡುಮನೆಯಲ್ಲಿ ದೀಪ ಉರಿಯುತ್ತಿತ್ತು, ಪುಸ್ತಕ ತೆರೆದಿತ್ತು, ಓದುವವಳು ಇರಲಿಲ್ಲ. ಹಿತ್ತಲಿಗೆ ಬಂದರೆ ಮೆದೆಗೆ ಏಣಿ ಒರಗಿತ್ತು.

"ಯಾರೇ ಅದು?"

"ಅಮ್ಮ, ಮೆಲ್ಲಗೆ," ಎಂದಿತು ಮೆದೆ.

ಗೌರಮ್ಮ ದನ ಅಟ್ಟುವ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸೀರೆ ಎತ್ತಿ ಕಟ್ಟಿ, ಏಣಿ ಹತ್ತಿದಳು. ಮೇಲೆ ಹೋದ ಮೇಲೆ ಅವಳಿಗೆ ಕಂಡಿದ್ದು ಮಗಳಲ್ಲ. ಟೆಂಟಿನ ಹಿಂಬದಿ ಇವರ ಮನೆಯ ಕಡೆಗಿತ್ತು. ಪರದೆಯ ಹಿಂದೆ ಸಾಬರು ಬಿದಿರಿನ ತಡಿಕೆ ಕಟ್ಟಿಸಿದ್ದರು. ಬಿದಿರು ಸಾಲದೆ ಅದು ಪರದೆಯ ಅರ್ಧಕ್ಕೇ ನಿಂತಿತ್ತು. ಉಳಿದ ಮೇಲಿನ ಅರ್ಧದಲ್ಲಿ, ಮನೆಯ ಬಾಗಿಲಷ್ಟು ದೊಡ್ಡ ಮುಖದ ಹೆಂಗಸೊಬ್ಬಳು ಅಳುತ್ತಿದ್ದಳು.

"ಯಾಕಳ್ತಾವ್ಳೆ?"

"ಗಂಡ ಬಿಟ್ಟು ಹೋದ."

"ಎಲ್ಲಿಗೆ?"

"ಅದು ಗೊತ್ತಾಗ್ಬೇಕಾದ್ರೆ ಕೂತ್ಕೋಬೇಕು."

ಗೌರಮ್ಮ ಕೂತಳು. ಕೋಲು ಜಾರಿ ಕೆಳಗೆ ಬಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ನೋಡಿಕೊಂಡರೆ ಕೈಯಲ್ಲಿ ಮೊರವಿಲ್ಲ, ಸೌಟಿಲ್ಲ, ಸೊಪ್ಪಿಲ್ಲ. ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟಳು, ತೆಗೆದಳು, ಕೊನೆಗೆ ಹುಲ್ಲಿನೊಳಗೆ ತೂರಿಸಿಕೊಂಡಳು. ಹುಲ್ಲು ಬೆಚ್ಚಗಿತ್ತು. ಗಂಡ ಎಲ್ಲಿಗೆ ಹೋದನೆಂದು ತಿಳಿಯುವ ಹೊತ್ತಿಗೆ ಒಲೆ ಆರಿ ತಣ್ಣಗಾಗಿತ್ತು.

"ನಿಮ್ಮಪ್ಪನಿಗೆ ಗೊತ್ತಾದ್ರೆ ನಿನ್ನ ಸ್ಕೂಲು ಓಯ್ತು," ಎಂದಳು ಇಳಿಯುವಾಗ.

"ನೀನು ಹೇಳ್ತೀಯಾ?"

"ನಾಳೆಗೂ ಇದೇ ಪಿಚ್ಚರ್ರಾ?"

ಹೀಗೆ ಸೆಕೆಂಡ್ ಶಿಫ್ಟಿನ ವಾರಗಳು ಇಬ್ಬರಿಗೂ ಸಿನಿಮಾದ ವಾರಗಳಾದವು. ಗೌರಮ್ಮ ಅಡುಗೆಯನ್ನು ಹೊತ್ತು ಮುಳುಗುವ ಮೊದಲೇ ಮುಗಿಸತೊಡಗಿದಳು. ಮೆದೆ ಹತ್ತಲಾರದ ಮುನಿವೆಂಕಟಮ್ಮನಿಗೆ ಮರುದಿನ ಬೆಳಿಗ್ಗೆ ಕಥೆ ಹೇಳಬೇಕಿತ್ತು. ಇಲ್ಲದಿದ್ದರೆ ಕಾಫಿ ಕುಡಿಯುತ್ತಿರಲಿಲ್ಲ.

"ಎಡಗೈಯಾಗೆ ಉಣ್ತಾರಾ? ಥೂ! ಯಾವ ಸೀಮೆ ಜನನೇ ಅವರು?"

"ಹಿಂದ್ಗಡೆಯಿಂದ ನೋಡಿದ್ರೆ ಎಡ ಬಲ ತಿರುಗಿ ಕಾಣ್ತದೆ ಅಜ್ಜಿ, ಕನ್ನಡಿ ತರ," ಎಂದು ಗೋಪಿ ವಿವರಿಸುತ್ತಿದ್ದಳು. "ಅಕ್ಷರ ಬಂದಾಗಲೇ ಗೊತ್ತಾಯ್ತು. ನಾನು ತಿರುಗಿಸ್ಕೊಂಡೇ ನೋಡ್ತೀನಿ."

ಎಡ ಬಲವನ್ನು ತಿರುಗಿಸಿಕೊಳ್ಳಬಹುದಿತ್ತು. ತಡಿಕೆ ಮುಚ್ಚಿದ ಕೆಳಗಿನ ಅರ್ಧಕ್ಕೆ ಮಾತ್ರ ಉಪಾಯವಿರಲಿಲ್ಲ. ಆ ಸಿನಿಮಾದಲ್ಲಿ ಯಾರಿಗೂ ಕಾಲಿರಲಿಲ್ಲ. ಊಟಕ್ಕೆ ಕೂತವರ ತಲೆಯೂ ಬಾಯಿಗೆ ಏರುವ ಕೈಯೂ ಮಾತ್ರ ತಡಿಕೆಯ ಮೇಲೆ ಅಲ್ಲಾಡುತ್ತಿದ್ದವು, ಏನು ಉಣ್ಣುತ್ತಿದ್ದಾರೆಂದು ಮುಖ ನೋಡಿ ಊಹಿಸಬೇಕಿತ್ತು. ಗಂಡನ ಕಾಲಿಗೆ ಬಿದ್ದ ಹೆಂಡತಿ ಫಕ್ಕನೆ ಮಾಯವಾಗಿ, ಅವನು ಕ್ಷಮಿಸಿದ ಮೇಲೆ ಮತ್ತೆ ಹುಟ್ಟಿ ಬರುತ್ತಿದ್ದಳು.

"ಕ್ಷಮಿಸ್ದೆ ಇದ್ರೆ?" ಎಂದು ಮುದುಕಿ ಕೇಳಿದಳು.

"ಕೆಳಗೇ ಇದ್ಬಿಡ್ತಾಳೆ," ಎಂದಳು ಗೌರಮ್ಮ.

ಫಸ್ಟ್ ಶಿಫ್ಟಿನ ವಾರದಲ್ಲಿ ಮುನಿಆಂಜಿನಪ್ಪ ಹಿತ್ತಲಿಗೆ ಬಂದು ಮೆದೆಯನ್ನು ಸುತ್ತು ಹಾಕಿದ.

"ಇದ್ಯಾಕೆ ನಡು ಮಧ್ಯ ಕುಸಿದೈತೆ? ಹುಲ್ಲು ಎಳೆಯೋದು ಪಕ್ಕದಾಗಲ್ವಾ? ದನ ಏನು ಮ್ಯಾಲೆ ಹತ್ತಿ ತಿಂತಾವಾ?"

"ಕೋಳಿ ಕಾವಿಗೆ ಕೂತಿತ್ತೇನೋ," ಎಂದಳು ಗೌರಮ್ಮ.

"ಈ ಪಾಟಿ ಕೋಳಿನಾ?"

"ಎರಡು ಕೋಳಿ," ಎಂದ ಲಕ್ಕಣ್ಣ ಕಂಬಳಿಯೊಳಗಿಂದ.

ಇಷ್ಟರಲ್ಲಿ ಸ್ಕೂಲ್ ಡೇ ಬಂತು. ಗಂಗರತ್ನಮ್ಮ ಮಿಸ್ಸು ಹುಡುಗಿಯರಲ್ಲಿ ಯಾರಿಗೆ ನೃತ್ಯ ಬರುತ್ತದೆ ಎಂದು ಕೇಳಿದರು. ಯಾರೂ ಕೈಯೆತ್ತಲಿಲ್ಲ. ಗೋಪಿಯ ಕೈ ಮಾತ್ರ ಅವಳನ್ನು ಕೇಳದೆ ಮೇಲೆ ಹೋಯಿತು.

"ಎಲ್ಲಿ ಕಲಿತೆ?"

"ಮನೇಲಿ, ಮಿಸ್."

ಅದು ಸುಳ್ಳಾಗಿರಲಿಲ್ಲ. ಟೆಂಟಿನಲ್ಲಿ ಆಗ ನಡೆಯುತ್ತಿದ್ದ ಚಿತ್ರದಲ್ಲಿ ಅರಮನೆಯ ನೃತ್ಯವೊಂದಿತ್ತು. ಅದರ ಕೈ, ಕುತ್ತಿಗೆ, ಕಣ್ಣು ಎಲ್ಲವೂ ಗೋಪಿಗೆ ಬಾಯಿಪಾಠವಾಗಿದ್ದವು. ಮನೆಗೆ ಬಂದು ಜಗುಲಿಯ ಮೇಲೆ ನಿಂತು ಮಾಡಿ ನೋಡಿದಳು. ಸೊಂಟದಿಂದ ಮೇಲೆ ರಾಜನರ್ತಕಿ, ಸೊಂಟದಿಂದ ಕೆಳಗೆ ನೆಟ್ಟ ಗೂಟ.

ಅಂಗಳದಲ್ಲಿ ಗೌರಮ್ಮ ಮಣ್ಣು ತುಳಿಯುತ್ತಿದ್ದಳು. ಕೊಟ್ಟಿಗೆಯ ಗೋಡೆ ಬಿದ್ದಿತ್ತು, ಭಾನುವಾರಕ್ಕೆ ಗೋಡೆ ಎಬ್ಬಿಸಬೇಕು, ಮಣ್ಣು ಹದ ಮಾಡಿಡು ಎಂದು ಗಂಡ ಹೇಳಿ ಹೋಗಿದ್ದ. ಕೆಮ್ಮಣ್ಣು, ನೀರು, ಹಳೆಯ ರಾಗಿಹುಲ್ಲು. ಹಿಮ್ಮಡಿ ಊರಿ, ತಿರುವಿ, ಕಾಲನ್ನು ಹಿಂದಕ್ಕೆಳೆದು, ಮತ್ತೆ ಊರಿ ಅವಳು ಸುತ್ತು ಬರುತ್ತಿದ್ದಳು.

"ಅಮ್ಮ, ಆ ಕುಣಿತದಾಗೆ ಕಾಲು ಹೆಂಗಿರ್ಬೋದು?"

"ನಂಗೇನು ಗೊತ್ತು? ನಾನೂ ನಿನ್ನ ಪಕ್ಕದಲ್ಲೇ ಕೂತಿರ್ಲಿಲ್ವಾ?"

ಜಗುಲಿಯ ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಮುನಿವೆಂಕಟಮ್ಮ ಇಬ್ಬರನ್ನೂ ನೋಡಿದಳು. "ನಿನ್ನ ಕೈ, ಅವಳ ಕಾಲು ಸೇರಿಸಿದ್ರೆ ಒಂದಾಳಾಗ್ತೀರ ನೋಡು."

ಗೋಪಿ ಲಂಗ ಎತ್ತಿಕಟ್ಟಿ ಮಣ್ಣಿಗೆ ಇಳಿದಳು. "ಊರು, ತಿರುವು, ಎಳಿ," ಎಂದಳು ತಾಯಿ. ಮಗಳ ಕೈ ಕಮಲವಾಯಿತು, ಕಾಲು ಕೆಸರಿನಲ್ಲಿ ಪಚಕ್ಕೆಂದಿತು. "ಹಿಮ್ಮಡಿ ಕಣೇ. ಬೆರಳಿಂದ ತುಳಿದ್ರೆ ಮಣ್ಣು ಗಂಟಾಗ್ತದೆ." ಆ ವಾರ ಕೊಟ್ಟಿಗೆಯ ಮಣ್ಣು ಯಾವ ಗೋಡೆಗೂ ಸಿಗದಷ್ಟು ಹದವಾಯಿತು. ಗೋಡೆ ಹಾಕುವಾಗ ಮುನಿಆಂಜಿನಪ್ಪನೇ ಹೊಗಳಿದ. "ಬೆಣ್ಣೆ ಐತೆ. ಈ ತರ ಕೆಲಸ ಇದ್ರೆ ಏಳಿಗೆ ಯಾಕಾಗಲ್ಲ?"

ಸ್ಕೂಲ್ ಡೇ ದಿನ ಗೋಪಿಗೆ ಲೆಕ್ಕದಲ್ಲಿ ಬಹುಮಾನವಿತ್ತು. ಅದನ್ನು ಕಣ್ಣಾರೆ ನೋಡಲು ಮುನಿಆಂಜಿನಪ್ಪ ಇನ್ನೊಬ್ಬನ ಜೊತೆ ಶಿಫ್ಟು ಬದಲಾಯಿಸಿಕೊಂಡು, ಬಿಳಿ ಶರ್ಟು ಹಾಕಿ, ಮುಂದಿನ ಸಾಲಿನಲ್ಲಿ ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ಮುಜಫ್ಫರ್ ಸಾಬರು. ಅವತ್ತು ಮೈಕು, ಹಾರ್ನು ಎರಡೂ ಟೆಂಟಿನದೇ, ಹಾಗಾಗಿ ಅವರಿಗೂ ಮರ್ಯಾದೆ. ಹೆಂಗಸರ ಚಾಪೆಯಲ್ಲಿ ಗೌರಮ್ಮನೂ ಅತ್ತೆಯೂ.

ಬಹುಮಾನ ಬಂತು, ಚಪ್ಪಾಳೆ ಬಂತು. ಆಮೇಲೆ "ಕುಮಾರಿ ಗೋಪಾಲಮ್ಮ ಅವರಿಂದ ನೃತ್ಯ" ಎಂದು ಹಾರ್ನು ಹೇಳಿತು. ಮುನಿಆಂಜಿನಪ್ಪ ಹಿಂದಕ್ಕೆ ತಿರುಗಿ ಹೆಂಡತಿಯನ್ನು ನೋಡಿದ. ಗೌರಮ್ಮ ಚಪ್ಪರದ ಕಂಬವನ್ನು ನೋಡುತ್ತಿದ್ದಳು.

ಬೆಂಚುಗಳನ್ನು ಜೋಡಿಸಿ ಮಾಡಿದ ವೇದಿಕೆ ಅದು. ಗೋಪಿಯ ಕೈ ಮೊಗ್ಗಾಗಿ ಅರಳಿತು, ಕುತ್ತಿಗೆ ಹಂಸದ ಹಾಗೆ ಸರಿಯಿತು, ಜನ ಉಸಿರು ಬಿಗಿಹಿಡಿದರು. ಆಗ ಹಿಮ್ಮಡಿ ಬಿತ್ತು. ಧಡ್! ಬೆಂಚುಗಳು ಒಟ್ಟಿಗೆ ಹಾರಿದವು. ಊರು, ತಿರುವು, ಎಳಿ. ಧಡ್! ಹೆಡ್ಮಾಸ್ಟರು ಎದ್ದು ಮೈಕಿನ ಕಂಬ ಹಿಡಿದುಕೊಂಡರು. ಹಾಡುತ್ತಿದ್ದ ಹುಡುಗಿಯರು ಅವಳ ಕಾಲಿಗೆ ತಾಳ ಹೊಂದಿಸಿದರು. ಹಿಂದೆ ಕೂತಿದ್ದ ಹಳ್ಳಿಯವರು ಮೊದಲು ನಕ್ಕರು. ಆಮೇಲೆ ಅವರ ಹಿಮ್ಮಡಿಗಳೂ ನೆಲ ಕುಟ್ಟತೊಡಗಿದವು.

ಮುಜಫ್ಫರ್ ಸಾಬರು ಕುರ್ಚಿಯ ತುದಿಗೆ ಬಂದರು. "ಅರೆ ಅಣ್ಣಯ್ಯ, ಇದು ನಮ್ಮ ಪಿಚ್ಚರ್‌ದು! ಒಂದು ಕೈ ತಪ್ಪಿಲ್ಲ ನೋಡಿ. ಆದ್ರೆ ಕಾಲು... ಕಾಲು ನಮ್ದಲ್ಲ." ಅವರು ದಿನವೂ ಆ ಚಿತ್ರ ನೋಡುವವರು. ಕಣ್ಣು ಕಿರಿದು ಮಾಡಿ ಯೋಚಿಸಿದರು. ಆಮೇಲೆ ಅಂಗೈಯನ್ನು ತಮ್ಮ ಸೊಂಟದ ಮಟ್ಟಕ್ಕೆ ಹಿಡಿದು, ಸಂತೋಷ ತಡೆಯಲಾರದೆ ಕೂಗಿದರು. "ಯಾ ಅಲ್ಲಾ, ತಡಿಕೆ! ಹಿಂದ್ಗಡೆಯಿಂದ ನೋಡೈತೆ ಹುಡುಗಿ! ನಿಮ್ಮ ಮನೆ ಕಡೆಯಿಂದ!"

ಹೇಳಿದ ಮೇಲೆ ಪಕ್ಕದವನ ಮುಖ ನೋಡಿ ಅಂಗೈಯನ್ನು ಜೇಬಿಗಿಳಿಸಿದರು.

ಮುನಿಆಂಜಿನಪ್ಪ ವೇದಿಕೆಯನ್ನೇ ನೋಡುತ್ತಿದ್ದ. ಕೈ ಟೆಂಟಿನದು ಎಂದು ಸಾಬರು ಹೇಳಿದ ಮೇಲೆ ಗೊತ್ತಾಯಿತು. ಕಾಲು ಯಾರದೆಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಹದಿನೆಂಟು ವರ್ಷದಿಂದ ಅವನ ಗೋಡೆಗಳೆಲ್ಲ ಎದ್ದದ್ದು ಆ ಹಿಮ್ಮಡಿಯ ಕೆಳಗಿನ ಮಣ್ಣಿನಿಂದಲೇ.

ಮನೆಗೆ ಬಂದ ಮೇಲೆ ಅವನ ಬಾಯಿ ತೆರೆಯಿತು.

"ಭಾನುವಾರ ಪಿಳ್ಳಪ್ಪನಿಗೆ ಬರಾಕೆ ಹೇಳ್ತೀನಿ. ನಾಳೆಯಿಂದ ಸ್ಕೂಲು ಬಂದ್. ಮಾತು ಅಂದ್ರೆ ಮಾತು."

ಗೋಪಿ ಬಹುಮಾನದ ಲೋಟವನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನು ಟೆಂಟಿಗೆ ಕಾಲಿಟ್ಟಿಲ್ಲ ಅಪ್ಪ."

"ಕಾಲಿಡೋದಲ್ಲ, ನೋಡೋದು ಅಂತ ಹೇಳಿದ್ದೆ!"

"ಅರ್ಧ ನೋಡಿದೆ."

"ಅಂಗಾದ್ರೆ ಅರ್ಧ ವರ್ಷ ಕಳಿಸ್ಲಾ ಸ್ಕೂಲಿಗೆ? ಎಂಟೆಂಟು ಗಂಟೆ ನಿಗದಿ ಮಾಡಿಕೊಟ್ಟಿವ್ನಿ. ಸಿನಿಮಾಕ್ಕೆ ಟೈಮು ಎಲ್ಲಿಂದ ಬಂತು?"

"ನನ್ನದರಿಂದ," ಎಂದಳು ಗೌರಮ್ಮ.

ಅವಳು ಒಲೆಯ ಮುಂದಿನಿಂದ ಎದ್ದು ಬಂದಿದ್ದಳು. ಕೈಯಲ್ಲಿ ಮುದ್ದೆ ತಿರುವುವ ಕೋಲಿತ್ತು. "ನಂಗೆ ಯಾವ ಎಂಟು ಅಂತ ಅವತ್ತು ಕೇಳಿದೆ. ನೀವು ಕೊಡ್ಲಿಲ್ಲ. ಕೊಡದೆ ಇರೋದ್ರಾಗೆ ಒಂದಿಷ್ಟು ನಾನೇ ತಗೊಂಡೆ. ಮೆದೆ ಮೇಲೆ ನಾನೂ ಕೂತಿದ್ದೆ. ದಿನಾ."

"ನೀನಾ?"

"ಎರಡನೇ ಕೋಳಿ ಅದೇ," ಎಂದ ಲಕ್ಕಣ್ಣ. ಎಲ್ಲರೂ ತಿರುಗಿ ನೋಡಿದಾಗ ಸೇರಿಸಿದ, "ಏಣಿ ನಾನು ಇಟ್ಟಿದ್ದು. ನನ್ನ ಏಳಿಗೆ ಟೈಮಿನಾಗೆ."

"ಕಥೆ ಯೋಳಿಸ್ಕೊಂಡಿದ್ದು ನಾನು," ಎಂದಳು ಮುನಿವೆಂಕಟಮ್ಮ. "ರಿಟೈರ್ ಆದೋಳಿಗೆ ಇನ್ನೇನು ಕೆಲಸ?"

ಮುನಿಆಂಜಿನಪ್ಪ ನಾಲ್ಕೂ ಮುಖಗಳನ್ನು ನೋಡಿದ. ಮನೆಗೆ ಮನೆಯೇ ತಪ್ಪು ಮಾಡಿತ್ತು. "ಅಂಗಾದ್ರೆ ಯಾರನ್ನ ಜಕ್ಕೂರಿಗೆ ಕಳಿಸ್ಲಿ ನಾನು?"

"ನನ್ನ ಕಳ್ಸು," ಎಂದಳು ತಾಯಿ. "ಪಿಳ್ಳಪ್ಪ ಒಪ್ತಾನಾ ಕೇಳು. ನನ್ನ ಮೂಳೆ ಇನ್ನೂ ಗಟ್ಟಿಯಾಗೈತೆ."

ಲಕ್ಕಣ್ಣ ಕಂಬಳಿ ಬಾಯಿಗೆ ತುರುಕಿಕೊಂಡ. ಗೋಪಿ ಅಳುವುದಕ್ಕೆಂದು ತೆಗೆದ ಬಾಯಿಂದ ನಗು ಬಂತು. ಗೌರಮ್ಮ ಮಾತ್ರ ನಗಲಿಲ್ಲ.

"ಕೇಳಿ," ಎಂದಳು. "ಸ್ಕೂಲು ನಿಲ್ಲಿಸೋದಾದ್ರೆ ನನ್ನ ಕೆಲಸಾನೂ ನಿಲ್ಲಿಸ್ಬೇಕು. ಇಬ್ರದೂ ಒಂದೇ ತಪ್ಪು. ಅವಳ ಕೈ, ನನ್ನ ಕಾಲು." ಮುದ್ದೆ ಕೋಲನ್ನು ಗಂಡನ ಪಕ್ಕದ ಜಗುಲಿಯ ಮೇಲೆ ಇಟ್ಟಳು. "ಒಲೆ ಮೇಲೆ ಎಸರು ಕುದೀತಾ ಐತೆ. ಹಿಟ್ಟು ಮಡಕೇಲೈತೆ."

ಅವನು ಆ ಕೋಲನ್ನು ನೋಡಿದ. ಕಾರ್ಖಾನೆಯಲ್ಲಿ ಎಂಥೆಂಥ ಮೆಷಿನ್ನು ನಡೆಸುವವನಿಗೆ ಅದನ್ನು ಯಾವ ಕಡೆಯಿಂದ ಹಿಡಿಯುವುದೆಂದು ಗೊತ್ತಿರಲಿಲ್ಲ. ಒಳಗೆ ಎಸರು ಉಕ್ಕಿ ಒಲೆಗೆ ಸುರಿಯುವ ಸದ್ದು ಬಂತು. ಯಾರೂ ಏಳಲಿಲ್ಲ. ಅವನೇ ಎದ್ದ. ಒಲೆಯ ಕಡೆ ಹೋಗದೆ ಹಿತ್ತಲ ಬಾಗಿಲು ತೆರೆದು ಹೊರಟು ಹೋದ.

ಟೆಂಟಿಗೆ ಮರಳಿದ ಹಾರ್ನಿನಲ್ಲಿ ದೇವರ ಹಾಡು ಮುಗಿದು ಮೊದಲ ಆಟ ಶುರುವಾಗಿತ್ತು. ಗೌರಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೋಲು ತೆಗೆದುಕೊಂಡು ತಾನೇ ಹೋಗಿ ಮುದ್ದೆ ತಿರುವಿದಳು. ಎಲ್ಲರಿಗೂ ಇಟ್ಟು, ಒಂದು ತಟ್ಟೆ ಹಿಡಿದು ಹಿತ್ತಲಿಗೆ ಬಂದಳು. ಏಣಿ ಮೆದೆಗೆ ಒರಗಿತ್ತು.

ಮೇಲೆ, ಎರಡು ಕೋಳಿಗಳ ಕುಳಿಯಲ್ಲಿ, ಅವನು ಬಿಳಿ ಶರ್ಟಿಗೆಲ್ಲ ಹುಲ್ಲು ಅಂಟಿಸಿಕೊಂಡು ಕೂತಿದ್ದ. ಅವಳು ಪಕ್ಕದಲ್ಲಿ ಕೂತು ತಟ್ಟೆ ಮುಂದಿಟ್ಟಳು. ಅವನು ಪರದೆಯಿಂದ ಕಣ್ಣು ತೆಗೆಯದೆ ಮುದ್ದೆ ಮುರಿದ.

"ಪಿಳ್ಳಪ್ಪನಿಗೆ ಏನು ಹೇಳ್ಲಿ?" ಎಂದ.

"ಹುಡುಗಿಗೆ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಅಂತ."

ಅವನು ನುಂಗಿದ. ಇನ್ನೊಂದು ತುತ್ತನ್ನೂ ನುಂಗಿದ. "ಗೋಪಿ ಏನ್ಮಾಡ್ತಾವ್ಳೆ?"

"ಪುಸ್ತಕ ತೆಗ್ದವ್ಳೆ. ಕರೀಲಾ?"

"ಬ್ಯಾಡ. ಓದ್ಲಿ ಬಿಡು. ನಾಳೆ ಸ್ಕೂಲೈತೆ."

ಗೌರಮ್ಮ ಕೈಗಳನ್ನು ಹುಲ್ಲಿನೊಳಗೆ ತೂರಿಸಿಕೊಂಡಳು. ಪರದೆಯ ಮೇಲೆ ಅಳುತ್ತಿದ್ದ ಹೆಂಗಸು ಇದ್ದಕ್ಕಿದ್ದಂತೆ ಇಲ್ಲವಾದಳು. ಮುನಿಆಂಜಿನಪ್ಪ ತುತ್ತು ಹಿಡಿದ ಕೈಯಲ್ಲೇ ತಡಿಕೆಯ ಕಡೆ ಬಗ್ಗಿ ನೋಡಿದ.

"ಇವಳೆಲ್ಲಿ ಹೋದ್ಲು?"

"ಗಂಡನ ಕಾಲಿಗೆ ಬಿದ್ಲು."

"ಯಾವ ಕಾಲು? ಇವಕ್ಕೆ ಕಾಲೇ ಇಲ್ವಲ್ಲೇ!"

"ಇಲ್ಲ," ಎಂದಳು ಗೌರಮ್ಮ. "ಕಾಲು ನಾವೇ ಹಾಕ್ಕೋಬೇಕು."